ದೋಣಿ ಹತ್ತುವ ಮುಂಚೆ ಹೇಳಿದ ಸುಳ್ಳು

ಗಾಳ ಹಾಕುವ ಹವ್ಯಾಸದವರನ್ನು ಕಡಲಿಗೆ ಕರೆದುಕೊಂಡು ಹೋಗುವ ಬಾಡಿಗೆ ದೋಣಿಯವರು ಫ್ಲೋರಿಡಾದಲ್ಲಿ ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತಾರೆ: ‘ಮೊದಲು ಮೀನು ಹಿಡಿದು ಅಭ್ಯಾಸ ಇದೆಯೇ?’ ಕೇಳುವಾಗ ಅವರ ಕೈ ಹಗ್ಗ ಬಿಚ್ಚುತ್ತಿರುತ್ತದೆ, ಕಣ್ಣು ನೀರಿನ ಮೇಲಿರುತ್ತದೆ. ನಮಗದು ಊಟ ಆಯಿತಾ ಎಂದು ಕೇಳಿದ ಹಾಗೆ ಕೇಳಿಸುತ್ತದೆ. ಆದರೆ ಮುಂದಿನ ನಾಲ್ಕು ಗಂಟೆ ದೋಣಿ ಯಾವ ಕಡೆ ಹೋಗಬೇಕು, ಯಾವ ಮೀನಿನ ಬೆನ್ನು ಹತ್ತಬೇಕು, ಯಾರ ಕೈಗೆ ಯಾವ ರಾಡ್ ಕೊಡಬೇಕು ಎನ್ನುವುದೆಲ್ಲ ಆ ಉತ್ತರದ ಮೇಲೆ ನಿಂತಿದೆ. ಇದು ತಿಳಿಯದ ನಾನು ಟ್ಯಾಂಪಾ ಕೊಲ್ಲಿಯ ಜೆಟ್ಟಿಯ ಮೇಲೆ ನಿಂತು, ‘ನಾನು ಹುಟ್ಟಿದ್ದೇ ಕಡಲ ಬದಿಯಲ್ಲಿ. ಸಣ್ಣಂದಿನಿಂದಲೂ ಹಿಡಿಯುತ್ತಿದ್ದೇನೆ’ ಎಂದುಬಿಟ್ಟೆ.

ಮೊದಲ ಅರ್ಧ ನಿಜ. ಸೌಪರ್ಣಿಕಾ, ಚಕ್ರಾ, ಕೇದಕ, ಕುಬ್ಜಾ, ವಾರಾಹಿ ಐದೂ ಹೊಳೆಗಳು ಸೇರಿ ಕಡಲಿಗೆ ಬೀಳುವ ಗಂಗೊಳ್ಳಿ ಅಳಿವೆಯ ಪಕ್ಕದಲ್ಲೇ ನಮ್ಮ ಮನೆ. ಶಾಲೆಗೆ ಹೋಗುವ ಕಾಲದಲ್ಲಿ ಕೋಲಿನ ತುಂಡಿಗೆ ಸುತ್ತಿದ ನೈಲಾನ್ ದಾರ, ತುದಿಗೊಂದು ಸೀಸದ ಗುಂಡು, ಗಾಳಕ್ಕೆ ಸಿಕ್ಕಿಸಿದ ಚಟ್ಲಿಯ ಚೂರು ಇಷ್ಟಿಟ್ಟುಕೊಂಡು ಕಾಣೆ ಮೀನು ಹಿಡಿದದ್ದು ಹೌದು. ಎರಡನೆಯ ಅರ್ಧ ಸುಳ್ಳು. ಕಾಲೇಜು ಸೇರಿದ ಮೇಲೆ ಗಾಳ ಮುಟ್ಟಿದವನಲ್ಲ. ಬ್ಯಾಂಕಿನ ಕೆಲಸ ಸಿಕ್ಕಿ ದಾವಣಗೆರೆ, ಕೊಪ್ಪಳ, ಬೆಂಗಳೂರು ಎಂದು ಅಲೆದ ವರ್ಷಗಳಲ್ಲಿ ನಾನು ಹಿಡಿದ ಮೀನೆಲ್ಲ ಮಾರ್ಕೆಟಿನಲ್ಲಿ ಕಿವಿರು ಎತ್ತಿ ನೋಡಿ ಹಿಡಿದದ್ದು. ರೀಲ್ ಇರುವ ರಾಡ್ ಅನ್ನು ಅಂದಿನವರೆಗೆ ಕೈಯಲ್ಲಿ ಹಿಡಿದೇ ಇರಲಿಲ್ಲ.

ನಿವೃತ್ತನಾದ ಮೇಲೆ ಮಗಳ ಮನೆಗೆಂದು ಟ್ಯಾಂಪಾಕ್ಕೆ ಹೋಗಿದ್ದೆ. ಅಲ್ಲಿ ಊಟದ ಹೊತ್ತಿಗೆ ನನ್ನ ಗಂಗೊಳ್ಳಿಯ ಕಥೆಗಳು ದಿನಕ್ಕೊಂದರಂತೆ ಬೆಳೆದವು. ಕಾಣೆ ಮೀನಿನ ಉದ್ದವೂ ಬೆಳೆಯಿತು. ಕೇಳುವವನು ಹತ್ತರ ಹರೆಯದ ಮೊಮ್ಮಗ. ಬಾಯಿ ತೆರೆದು ಕೇಳುವ ಕೇಳುಗ ಸಿಕ್ಕಿದರೆ ಯಾವ ಅಜ್ಜ ತಾನೇ ಅಳತೆಗೋಲು ಹಿಡಿದು ಮಾತಾಡುತ್ತಾನೆ? ಅಳಿಯ ಮಾತ್ರ ಕಥೆಯನ್ನು ಗಂಭೀರವಾಗಿ ತೆಗೆದುಕೊಂಡ. ‘ಮಾವ, ನಿಮಗೆ ಬಹಳ ಖುಷಿಯಾಗುತ್ತದೆ’ ಎಂದು ಒಂದು ಅರ್ಧ ದಿನದ ದೋಣಿ ಗೊತ್ತುಮಾಡಿದ. ಬಾಡಿಗೆ ಸುಮಾರು 500 ಡಾಲರ್, ಅದರ ಮೇಲೆ ದೋಣಿಯವನಿಗೆ ನೂರಕ್ಕೆ ಹದಿನೈದು–ಇಪ್ಪತ್ತು ಭಕ್ಷೀಸು ಕೊಡುವುದು ಅಲ್ಲಿನ ರೂಢಿ.

ಈ ದೋಣಿಗಳು ಆಳಸಮುದ್ರಕ್ಕೆ ಹೋಗುವುದಿಲ್ಲ. ಕೊಲ್ಲಿ, ಅಳಿವೆ, ಕಾಂಡ್ಲಾ ಗಿಡಗಳ ಅಂಚು, ಸೊಂಟದೆತ್ತರದ ನೀರಿನಡಿ ಹುಲ್ಲು ಬೆಳೆದ ಬಯಲು, ಇಷ್ಟೇ ಇವುಗಳ ಸಂಚಾರ. ಟ್ಯಾಂಪಾ ಕೊಲ್ಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು 400 ಚದರ ಮೈಲಿಗಳ ನೀರು, ಆದರೆ ಸರಾಸರಿ ಆಳ ಹನ್ನೆರಡು ಅಡಿಯ ಆಸುಪಾಸು. ಹಿಲ್ಸ್‌ಬರೋ, ಅಲಫಾಯ, ಮನಾಟೀ, ಲಿಟ್ಲ್ ಮನಾಟೀ ಎಂಬ ನಾಲ್ಕು ಹೊಳೆಗಳು ಸಿಹಿನೀರು ತಂದು ಸುರಿಯುತ್ತವೆ. ದಂಡೆಯುದ್ದಕ್ಕೂ ಬಿಳಲುಗಾಲೂರಿ ನಿಂತ ಕಾಂಡ್ಲಾ. ನೋಡಿದ ಕೂಡಲೇ ನನಗೆ ಊರಿನ ಕುದ್ರುಗಳ ನೆನಪಾಯಿತು. ಆ ಹೋಲಿಕೆಯೇ ನನ್ನ ತಲೆ ಕೆಡಿಸಿದ್ದು. ನೀರು ಅದೇ ಥರ ಕಂಡರೆ ವಿದ್ಯೆಯೂ ಅದೇ ಇರಬೇಕು ಎಂದುಕೊಂಡೆ.

ದೋಣಿ ನಡೆಸುವವರು ಅಮೆರಿಕದ ಕೋಸ್ಟ್ ಗಾರ್ಡ್‌ನಿಂದ ಲೈಸೆನ್ಸ್ ಪಡೆದಿರಬೇಕು. ನಾವು ಹತ್ತಿದಂಥ ಸಣ್ಣ ದೋಣಿಯ ಲೈಸೆನ್ಸಿನಲ್ಲಿ ಹೆಚ್ಚೆಂದರೆ ಆರು ಮಂದಿ ಗಿರಾಕಿಗಳನ್ನು ಹತ್ತಿಸಿಕೊಳ್ಳಬಹುದು. ಗಿರಾಕಿಗಳಿಗೆ ಬೇರೆ ಲೈಸೆನ್ಸ್ ಬೇಡ, ದೋಣಿಯದೇ ಸಾಕು. ನಮ್ಮ ಕ್ಯಾಪ್ಟನ್ ಮೂವತ್ತರ ಹರೆಯದವನು, ಮಿತಭಾಷಿ. ಹೊರಡುವಾಗ ಮಗಳು ನನ್ನ ಕಿವಿಯಲ್ಲಿ, ‘ಅಪ್ಪಯ್ಯ, ಅವ ಹೇಳ್ದ ಹಾಂಗೆ ಮಾಡಿ, ಸಾಕು’ ಎಂದಿದ್ದಳು. ಹೆತ್ತವರ ಸ್ವಭಾವ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬೆಳಕು ಹರಿಯುವ ಮೊದಲೇ ಹೊರಟೆವು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನವಾದರೆ ಗುಡುಗು, ಸಿಡಿಲು. ಹಾಗಾಗಿ ಬೆಳಗಿನ ಪಾಳಿಗೇ ಬೇಡಿಕೆ. ಮೊದಲ ಕೆಲಸ ಬೆಟ್ಟಕ್ಕೆ, ಅಂದರೆ ಗಾಳಕ್ಕೆ ಸಿಕ್ಕಿಸಲು, ಮರಿಮೀನು ಹಿಡಿಯುವುದು. ಕ್ಯಾಪ್ಟನ್ ಬೀಸುಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದ ಬಲೆಯನ್ನು ಮೊಣಕೈಗೂ ಭುಜಕ್ಕೂ ಹಂಚಿಕೊಂಡು, ಸೊಂಟ ತಿರುಗಿಸಿ ಎಸೆದ. ಬಲೆ ದುಂಡಗೆ ಬಿಚ್ಚಿಕೊಂಡು ನೀರಿಗೆ ಬಿತ್ತು. ಊರಲ್ಲಿ ಅದೇ ಭಂಗಿ ನೋಡಿ ಬೆಳೆದವನು ನಾನು. ಎಳೆದಾಗ ಬಂದವು ಬೆರಳುದ್ದದ ಬೆಳ್ಳಿ ಮೀನುಗಳು, ನಮ್ಮ ಬೈಗೆಯ ನೆಂಟರು. ಊರಾಗಿದ್ದರೆ ಮಸಾಲೆ ಮೆತ್ತಿ ಕಾವಲಿಗೆ ಹೋಗಬೇಕಾದವು ಇಲ್ಲಿ ನೀರು ಸುತ್ತುವ ತೊಟ್ಟಿಗೆ ಜೀವಂತ ಹೋದವು.

ನಾನು ಸುಮ್ಮನಿರಬೇಕಲ್ಲ? ‘ನಮ್ಮಲ್ಲಿ ಇದಕ್ಕಿಂತ ದೊಡ್ಡ ಬಲೆ’ ಎಂದೆ. ಆತ ನಕ್ಕು, ಇಲ್ಲಿ ದೊಡ್ಡದು ಹಾಕುವಂತಿಲ್ಲ ಎಂದ. ಫ್ಲೋರಿಡಾದ ಮತದಾರರು 1994ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ, ಕರಾವಳಿ ನೀರಿನಲ್ಲಿ ಗಿಲ್ ಬಲೆಗಳನ್ನು ಪೂರ್ತಿ ನಿಷೇಧಿಸಿದರು. 1995ರ ಜುಲೈಯಿಂದ ಜಾರಿಗೆ ಬಂತು. ದಡದ ಹತ್ತಿರದ ನೀರಿನಲ್ಲಿ 500 ಚದರ ಅಡಿಗಿಂತ ದೊಡ್ಡದಾದ ಉಳಿದ ಬಲೆಗಳೂ ಇಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಜೂನ್ ಒಂದರಿಂದ ಜುಲೈ ಕೊನೆಯ ತನಕ ಯಾಂತ್ರಿಕ ದೋಣಿಗಳಿಗೆ 61 ದಿನದ ರಜೆ. ಅಲ್ಲಿ ಈ ಬಲೆಗಳಿಗೆ ವರ್ಷಪೂರ್ತಿ ರಜೆ. ಬಲೆ ಕಟ್ಟಿ ಬದುಕುತ್ತಿದ್ದ ಎಷ್ಟೋ ಕುಟುಂಬಗಳು ಆಗ ಕಸುಬು ಬಿಟ್ಟವು. ಕೊಲ್ಲಿಯ ಮೀನಿನ ಲೆಕ್ಕಾಚಾರ ಗಾಳದವರ ಕಡೆ ವಾಲಿತು. ಇಂಥ ವಿಷಯ ಹೇಳಬಲ್ಲ ಮನುಷ್ಯನ ಬಾಯಿಂದ ಇನ್ನಷ್ಟು ಕೇಳುವುದು ಬಿಟ್ಟು, ನಾನು ರಂಪಣಿ ಬಲೆಯ ವರ್ಣನೆಗಿಳಿದೆ.

ನನ್ನ ಮಾತು ನಂಬಿ ಕ್ಯಾಪ್ಟನ್ ದೋಣಿಯನ್ನು ನೇರ ಕಾಂಡ್ಲಾ ಅಂಚಿಗೆ ಬಿಟ್ಟ. ಅಲ್ಲಿರುವುದು ಸ್ನೂಕ್ ಎಂಬ ಮೀನು. ಬದಿಯುದ್ದಕ್ಕೂ ಕಪ್ಪು ಗೆರೆ, ಮುಂದಕ್ಕೆ ಚಾಚಿದ ಕೆಳದವಡೆ, ಬ್ಲೇಡಿನಂಥ ಕಿವಿರು ಮುಚ್ಚಳ. ನಮ್ಮ ಹೊಳೆಗಳಲ್ಲಿ ಪಂಜರ ಕಟ್ಟಿ ಸಾಕುವ ಸೀಬಾಸನ್ನೂ ಇದನ್ನೂ ಒಂದು ಕಾಲದಲ್ಲಿ ವಿಜ್ಞಾನಿಗಳು ಒಂದೇ ಕುಟುಂಬಕ್ಕೆ ಸೇರಿಸಿದ್ದರು. ನಡತೆಯಲ್ಲೂ ಅಣ್ಣತಮ್ಮಂದಿರೇ: ಉಪ್ಪು ನೀರು, ಸಿಹಿ ನೀರು ಎರಡರಲ್ಲೂ ಓಡಾಟ, ಬೇರುಗಳ ಸಂದಿಯಲ್ಲಿ ಹೊಂಚು. ನೀರು ಇಳಿಯುವಾಗ ಬೇರಿನ ಒಳಗಿದ್ದ ಮರಿಮೀನುಗಳು ಅಂಚಿಗೆ ಬರಲೇಬೇಕು, ಆಗ ಸ್ನೂಕ್ ಅಲ್ಲೇ ಬಾಯಿ ತೆರೆದು ಕಾಯುತ್ತದೆ. ಆ ಇಳಿತದ ಒಳ್ಳೆಯ ಹೊತ್ತು ಒಂದೆರಡು ಗಂಟೆ ಮಾತ್ರ. ಅರ್ಧ ದಿನದ ನಾಲ್ಕು ಗಂಟೆಯಲ್ಲಿ ಬೆಟ್ಟ ಹಿಡಿಯಲು ಒಂದಿಷ್ಟು, ಹೋಗಿಬರಲು ಒಂದಿಷ್ಟು ಕಳೆದರೆ ಕೈಗೆ ಉಳಿಯುವುದೂ ಅಷ್ಟೇ. ತಪ್ಪು ತಿದ್ದಿಕೊಳ್ಳಲು ಅದರಲ್ಲಿ ಜಾಗವಿಲ್ಲ.

ಕ್ಯಾಪ್ಟನ್ ಒಂದು ಪ್ಲಾಸ್ಟಿಕ್ ಬ್ಯಾಟ್ ತೆಗೆದ. ಮಕ್ಕಳಾಟದ ಟೊಳ್ಳು ಬ್ಯಾಟ್, ತುದಿ ಕತ್ತರಿಸಿದ್ದು. ಅದರೊಳಗೆ ಬೆರಳೆಣಿಕೆಯ ಬೈಗೆಗಳನ್ನು ತುಂಬಿ ಬೀಸಿದಾಗ ಅವು ಹಾರಿಹೋಗಿ ಕಾಂಡ್ಲಾ ಬುಡದಲ್ಲಿ ಚದುರಿ ಬಿದ್ದವು. ಮೊದಲೇ ಸ್ವಲ್ಪ ಹಿಸುಕಿದ್ದರಿಂದ ಅಡ್ಡಾದಿಡ್ಡಿ ಈಜಿದವು. ಅರೆಕ್ಷಣದಲ್ಲಿ ನೀರು ‘ಟಪ್’ ಎಂದಿತು, ಇನ್ನೊಂದು ಕಡೆ ‘ಟಪ್’. ಮೊಮ್ಮಗ ಎದ್ದು ಕುಣಿದ. ಕ್ಯಾಪ್ಟನ್ ನನ್ನ ಕೈಗೆ ರಾಡ್ ಕೊಟ್ಟು ಎರಡೇ ಮಾತು ಹೇಳಿದ. ಒಂದು, ಬೆಟ್ಟ ಎಲೆಗಳ ನೆರಳಿನ ಅಂಚಿಗೆ ಬೀಳಬೇಕು, ಗೇಣು ಆಚೀಚೆ ಆದರೆ ಪ್ರಯೋಜನವಿಲ್ಲ. ಎರಡು, ಮೀನು ಕಚ್ಚಿದಾಗ ಜಗ್ಗಬೇಡಿ, ಸುಮ್ಮನೆ ರೀಲ್ ಸುತ್ತಿ. ಅಭ್ಯಾಸವಿದ್ದವನಿಗೆ ಅಷ್ಟು ಸಾಕೆಂದು ಅವನ ಎಣಿಕೆ.

ಎಸೆದೆ. ರೀಲಿನ ತಂತಿ ಕೊಕ್ಕೆಯನ್ನು ಎತ್ತಬೇಕೆಂದೇ ಗೊತ್ತಿರಲಿಲ್ಲ. ಬೆಟ್ಟ ದೋಣಿಗೇ ಬಡಿದು ಸತ್ತಿತು. ಮತ್ತೆ ಎಸೆದಾಗ ಮರದ ಮೇಲೆ ಕೂತಿತು. ಗಾಳ ಬಿಡಿಸಲು ದೋಣಿಯನ್ನು ಕಾಂಡ್ಲಾದ ಬುಡಕ್ಕೇ ಒಯ್ಯಬೇಕಾಯಿತು, ಅಷ್ಟರಲ್ಲಿ ಕೂಡಿದ್ದ ಮೀನೆಲ್ಲ ಬೆದರಿ ಚೆಲ್ಲಾಪಿಲ್ಲಿ. ಅವನು ಏನೂ ಅನ್ನಲಿಲ್ಲ. ದೋಣಿಯನ್ನು ಮತ್ತೊಂದು ಅಂಚಿಗೆ ಒಯ್ದ. ಅಲ್ಲೂ ಅದೇ ಕಥೆ. ಆಗಲಾದರೂ ‘ತಮ್ಮಾ, ನನಗೆ ಈ ಯಂತ್ರ ಬರುವುದಿಲ್ಲ, ತೋರಿಸಿಕೊಡು’ ಎನ್ನಬಹುದಿತ್ತು. ಅನ್ನಲಿಲ್ಲ. ಗಾಳಿ ಜಾಸ್ತಿ ಎಂದೆ. ರಾಡ್ ಬಹಳ ಹಗುರ ಎಂದೆ. ‘ನಮ್ಮಲ್ಲಿ ದಾರ ಕೈಯಲ್ಲೇ ಹಿಡಿಯುತ್ತೇವೆ, ಅದರ ಮಜವೇ ಬೇರೆ’ ಎಂದೂ ಹೇಳಿದೆ.

ಕೊನೆಗೊಮ್ಮೆ ಬೆಟ್ಟ ಸರಿಯಾದ ಜಾಗಕ್ಕೆ ಬಿತ್ತು, ನನ್ನ ಹೆಚ್ಚುಗಾರಿಕೆ ಏನಿಲ್ಲ. ದಾರ ಬಿಗಿಯಿತು. ಬಾಲ್ಯದಲ್ಲಿ ಕಲಿತ ಕೈ ಎಚ್ಚೆತ್ತಿತು. ಕಾಣೆ ಮೀನು ‘ಟುಕ್’ ಎಂದ ತಕ್ಷಣ ದಾರ ಜಗ್ಗಬೇಕು, ತಡವಾದರೆ ಬೆಟ್ಟ ತಿಂದು ಹೋಗುತ್ತದೆ; ಗಂಗೊಳ್ಳಿಯಲ್ಲಿ ಅದೇ ಪಾಠ. ಜಗ್ಗಿದೆ. ಗಾಳ ಗಾಳಿಯಲ್ಲಿ ಹಾರಿ ಬಂತು. ಮತ್ತೊಂದು ಕಚ್ಚಿತು, ಮತ್ತೆ ಜಗ್ಗಿದೆ, ಮತ್ತೆ ಖಾಲಿ.

ಯಾಕೆ ಹಾಗಾಯಿತೆಂದು ಕ್ಯಾಪ್ಟನ್ ಆಮೇಲೆ ಗಾಳವನ್ನೇ ಅಂಗೈಯಲ್ಲಿಟ್ಟು ತೋರಿಸಿದ. ನಾನು ಬಳಸುತ್ತಿದ್ದ ಗಾಳದ ಮೊನೆ ನೆಟ್ಟಗೆ ಮೇಲ್ಮುಖವಾಗಿರುತ್ತದೆ, ಜಗ್ಗಿದರೆ ಸಿಕ್ಕಲ್ಲಿ ಚುಚ್ಚುತ್ತದೆ. ಇದು ಸರ್ಕಲ್ ಗಾಳ. ಮೊನೆ ಒಳಕ್ಕೆ ಬಾಗಿ ಗಾಳದ ದಂಟನ್ನೇ ನೋಡುತ್ತಿರುತ್ತದೆ. ಮೀನು ಬೆಟ್ಟ ನುಂಗಿ ತಿರುಗಿ ಹೋಗುವಾಗ ದಾರ ಮೆಲ್ಲಗೆ ಬಿಗಿಯಾದರೆ ಗಾಳ ಗಂಟಲಿನಿಂದ ಜಾರಿಬಂದು ಬಾಯಿಯ ಮೂಲೆಯಲ್ಲಿ ಹೊರಳಿ ಸಿಕ್ಕಿಕೊಳ್ಳುತ್ತದೆ. ಜಗ್ಗಿದರೆ ಎಲ್ಲೂ ಸಿಕ್ಕದೆ ಜಾರಿ ಹೊರಬರುತ್ತದೆ. ಹೊಟ್ಟೆಯೊಳಗೆ ಚುಚ್ಚದ ಕಾರಣ ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು, ಅದಕ್ಕೇ ಈ ಗಾಳ. ನಾನು ಹಿಡಿದ ಮೀನು ಸಾರಿಗೆ, ಅವನು ಹಿಡಿಸುವ ಮೀನು ವಾಪಸು ಬಿಡಲಿಕ್ಕೆ. ಉದ್ದೇಶವೇ ಬೇರೆಯಾದ ಮೇಲೆ ಕೈಚಳಕವೂ ಬೇರೆಯಾಗಲೇಬೇಕು.

ಒಂದು ಸ್ನೂಕ್ ಮಾತ್ರ ನನ್ನ ಎಡವಟ್ಟುಗಳನ್ನೆಲ್ಲ ಮೀರಿ ಸಿಕ್ಕಿಕೊಂಡಿತು. ನೀರಿನಿಂದ ಮೇಲೆ ಹಾರಿ ತಲೆ ಕೊಡವಿ ಬಿತ್ತು. ಕ್ಯಾಪ್ಟನ್ ದಾರ ಹಿಡಿದು ಹತ್ತಿರ ತಂದ. ನಾನು ಮಾಡಿದ ನಿಜವಾದ ಅನ್ಯಾಯ ಆಗ ನಡೆಯಿತು. ಮೀನನ್ನು ಒಣ ಟವೆಲಿನಲ್ಲಿ ಅಪ್ಪಿ ಹಿಡಿದೆ, ಜಾರದಿರಲಿ ಎಂದು. ‘ಪಟ ತೆಗಿ ಮಾರಾಯ’ ಎಂದು ಅಳಿಯನಿಗೆ ಕೂಗಿದೆ. ಕನ್ನಡಕ ಸರಿಮಾಡಿಕೊಂಡೆ. ಕೆಳದವಡೆ ಹಿಡಿದು ನೇತುಹಾಕಿ ಮತ್ತೊಂದು ಪಟ. ಕ್ಯಾಪ್ಟನ್ ಅಂದು ಮೊದಲ ಬಾರಿಗೆ ದನಿ ಎತ್ತಿ ‘ಸರ್, ನೀರಿಗೆ, ಈಗಲೇ’ ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ನೀರಿನಲ್ಲಿ ಒಂದು ಕೈ ಹೊಟ್ಟೆಯಡಿ, ಒಂದು ಕೈ ಬಾಲದ ಬುಡಕ್ಕೆ ಕೊಟ್ಟು, ತಲೆಯನ್ನು ಹರಿವಿಗೆ ಎದುರಾಗಿಸಿ ಬಹಳ ಹೊತ್ತು ಹಿಡಿದುಕೊಂಡ. ಅದು ಬಾಲ ಬಡಿದು ಹೋಗುವವರೆಗೂ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

ಮೀನಿನ ಮೈಯ ಲೋಳೆ ಅದರ ಕವಚ. ಒಣ ಬಟ್ಟೆ ಅದನ್ನು ಒರೆಸಿ ಹಾಕುತ್ತದೆ, ಆಮೇಲೆ ಸೋಂಕು ಹತ್ತುತ್ತದೆ. ನೇತುಹಾಕಿದರೆ ಮೀನಿನ ಭಾರವೆಲ್ಲ ದವಡೆಯ ಮೇಲೆ ಬೀಳುತ್ತದೆ. ಹಿಡಿಯುವುದಾದರೆ ಕೈ ಒದ್ದೆ ಮಾಡಿಕೊಂಡು, ಅಡ್ಡಡ್ಡ ಹಿಡಿದು, ಒಂದೆರಡು ಉಸಿರಿನ ಹೊತ್ತಿನಲ್ಲಿ ಪಟ ಮುಗಿಸಬೇಕು. ಅದು ಬೇಸಿಗೆ, ಕೊಲ್ಲಿಯ ಕಡೆ ಸ್ನೂಕ್ ಇಟ್ಟುಕೊಳ್ಳುವಂತೆಯೇ ಇಲ್ಲ. ಮೊಟ್ಟೆಯಿಡುವ ಕಾಲ. ತೆರೆದ ಋತುವಿನಲ್ಲೂ ಆ ಕರಾವಳಿಯಲ್ಲಿ ಒಬ್ಬರಿಗೆ ದಿನಕ್ಕೊಂದೇ, ಅದೂ 28ರಿಂದ 33 ಅಂಗುಲದೊಳಗಿನದ್ದು. ದೊಡ್ಡದನ್ನು ಬಿಡಬೇಕೆಂಬ ನಿಯಮದ ಹಿಂದೆ ಕಾರಣವಿದೆ. ಸ್ನೂಕ್ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು, ನಮ್ಮ ಸೀಬಾಸಿನಂತೆಯೇ. ದೊಡ್ಡ ಮೀನುಗಳು ಹೆಚ್ಚಾಗಿ ಹೆಣ್ಣೇ. ದೊಡ್ಡದನ್ನೇ ಆರಿಸಿ ಕೊಂದರೆ ತಾಯಂದಿರನ್ನೇ ಆರಿಸಿ ಕೊಂದ ಹಾಗೆ. ಇದನ್ನೆಲ್ಲ ಅವನು ದೋಣಿ ಬಿಡುವ ಮುಂಚೆಯೇ ಹೇಳುತ್ತಿದ್ದ, ನಾನು ಹೊಸಬ ಎಂದಿದ್ದರೆ.

ಇಷ್ಟರಲ್ಲಿ ಮೊಮ್ಮಗನ ಕುಣಿತ ನಿಂತಿತ್ತು. ಅವನ ಕೈಗೆ ರಾಡ್ ಬಂದದ್ದೇ ಕಡಿಮೆ. ಕಾಂಡ್ಲಾ ಅಂಚಿಗೆ ಗುರಿಯಿಟ್ಟು ಎಸೆಯುವುದು ಮಗುವಿನಿಂದ ಆಗುವ ಕೆಲಸವಲ್ಲ, ಹಾಗಾಗಿ ಅವನು ಅಜ್ಜನನ್ನು ನೋಡುತ್ತ ಕೂತಿದ್ದ. ಮುಖ ಬಿಸಿಲಿಗೆ ಕೆಂಪಾಗಿತ್ತು. ‘ಅಜ್ಜ, ನನಗೆ ಒಂದು ಸಣ್ಣ ಮೀನಾದರೂ ಸಾಕಿತ್ತು’ ಎಂದ. ಆ ದಿನದ ಸೋಲಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕ್ಯಾಪ್ಟನ್ ಕೊನೆಗೆ ನನ್ನನ್ನು ಕೇಳದೆ ದೋಣಿ ತಿರುಗಿಸಿದ. ಹುಲ್ಲುಬಯಲಿನ ಮೇಲೆ ತೇಲುಬಿಟ್ಟು, ಶಬ್ದ ಮಾಡುವ ಬೆಂಡು ಕಟ್ಟಿದ ರಾಡನ್ನು ಹುಡುಗನ ಕೈಗೆ ಕೊಟ್ಟ. ಅಲ್ಲಿ ಸಿಗುವುದು ಟ್ರೌಟ್ ಎಂದು ಕರೆಯುವ ಚುಕ್ಕೆ ಮೀನು. ಎಲ್ಲಿ ಎಸೆದರೂ ನಡೆಯುತ್ತದೆ, ಬೆಂಡು ಮುಳುಗಿದಾಗ ಸುತ್ತಿದರಾಯಿತು. ಮಕ್ಕಳಿದ್ದ ದೋಣಿ ಮೊದಲು ಹೋಗುವುದೇ ಇಂಥ ಕಡೆ. ಆದರೆ ನಾವು ಮುಟ್ಟುವಾಗ ಇಳಿತ ಮುಗಿದು ನೀರು ಸತ್ತುಬಿದ್ದಿತ್ತು. ಹರಿವು ನಿಂತರೆ ಮೀನು ಬಾಯಿ ಕಟ್ಟುತ್ತದೆ. ಸಿಕ್ಕಿದ್ದು ಮೀಸೆಯ ಕ್ಯಾಟ್‌ಫಿಶ್ ಒಂದೇ. ಅದರ ರೆಕ್ಕೆಯ ಮುಳ್ಳು ಚುಚ್ಚಿದರೆ ಊದಿಕೊಳ್ಳುತ್ತದೆಂದು ಹುಡುಗನಿಗೆ ಮುಟ್ಟಲೂ ಬಿಡಲಿಲ್ಲ. ಪೂರ್ವದಲ್ಲಿ ಮೋಡ ಕಪ್ಪಾಯಿತು, ದೋಣಿ ದಡಕ್ಕೆ ಹೊರಟಿತು.

ಬರುವಾಗ ಕ್ಯಾಪ್ಟನ್ ಬೇಸರ ತೋರಿಸದೆ ಒಂದು ಮಾತು ಹೇಳಿದ. ಏನೂ ಗೊತ್ತಿಲ್ಲದವರಿಗೆ ಕಲಿಸುವುದು ಸುಲಭ, ಚೆನ್ನಾಗಿ ಗೊತ್ತಿದ್ದವರ ಜೊತೆ ಕೆಲಸ ಇನ್ನೂ ಸುಲಭ, ಇವರಿಬ್ಬರ ನಡುವಿನವರು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು ಎಂದ. ನಾನು ಆ ನಡುವಿನವನು. ಕಲಿತದ್ದು ಸುಳ್ಳಲ್ಲ, ಆದರೆ ಬೇರೆ ನೀರಿಗೆ, ಬೇರೆ ಗಾಳಕ್ಕೆ, ಬೇರೆ ಹೊಟ್ಟೆಪಾಡಿಗೆ ಕಲಿತದ್ದು. ಏನೂ ಕಲಿಯದ ಮೊಮ್ಮಗನಿಗೆ ‘ಜಗ್ಗಬೇಡ’ ಎಂದರೆ ಜಗ್ಗುತ್ತಿರಲಿಲ್ಲ. ನನ್ನ ಕೈಗೆ ಹಳೆಯದನ್ನು ಮರೆಸುವುದೇ ಮೊದಲ ಪಾಠವಾಗಬೇಕಿತ್ತು, ಅದಕ್ಕೆ ನಾನೇ ಅವಕಾಶ ಕೊಡಲಿಲ್ಲ.

ಬ್ಯಾಂಕಿನಲ್ಲಿದ್ದಾಗ ಸಾಲ ಕೇಳಲು ಬಂದವರಿಗೆ ‘ಇದ್ದದ್ದು ಇದ್ದ ಹಾಗೆ ಹೇಳಿ, ಆಗ ನಾವು ದಾರಿ ಹುಡುಕಬಹುದು’ ಎಂದು ನಾನೇ ಉಪದೇಶ ಮಾಡುತ್ತಿದ್ದೆ. ವಕೀಲರೂ ವೈದ್ಯರೂ ಹೇಳುವುದು ಅದನ್ನೇ. ಸಾಲಕ್ಕೆ, ಕಾಯಿಲೆಗೆ ನಿಜ ಹೇಳುವ ನಾವು ಹವ್ಯಾಸದ ವಿಷಯದಲ್ಲಿ ಯಾಕೆ ಸುಳ್ಳು ಹೇಳುತ್ತೇವೆ? ನಷ್ಟವಿಲ್ಲ ಎಂಬ ಧೈರ್ಯದಿಂದ. ನಷ್ಟ ಇತ್ತು. ಅದು ಬಿದ್ದದ್ದು ಹುಡುಗನ ಪಾಲಿಗೆ, ಆ ಮೀನಿನ ಪಾಲಿಗೆ, ಮತ್ತು ನಾಲ್ಕು ಗಂಟೆ ತನ್ನ ವಿದ್ಯೆಯನ್ನು ಬಳಸಲಾಗದೆ ನಿಂತ ಕಸುಬುದಾರನ ಪಾಲಿಗೆ.

ನಾನು ಊರಿಗೆ ಮರಳಿದ ಮೇಲೆ ಅಳಿಯ ಹುಡುಗನನ್ನು ಅದೇ ಕ್ಯಾಪ್ಟನ್ ಜೊತೆ ಮತ್ತೆ ಕರೆದುಕೊಂಡು ಹೋದ. ಜೆಟ್ಟಿಯಲ್ಲೇ ಹುಡುಗ ‘ನನಗೆ ಏನೂ ಬರುವುದಿಲ್ಲ’ ಎಂದನಂತೆ. ಟ್ರೌಟ್ ಹಿಡಿದ ಪಟ ವಾಟ್ಸ್ಯಾಪಿನಲ್ಲಿ ಬಂತು. ಮೀನು ಅಡ್ಡಡ್ಡವಾಗಿತ್ತು, ಕೈ ಒದ್ದೆಯಾಗಿತ್ತು.

ಮಕ್ಕಳ ಮನೆಗೆಂದು ಹೊರದೇಶಕ್ಕೆ ಹೋಗುವ ನನ್ನ ಪ್ರಾಯದವರಿಗೆ ಇಷ್ಟೇ ಹೇಳುವುದು. ದೋಣಿ ಗೊತ್ತುಮಾಡುವ ದಿನವೇ ಹೇಳಿ: ಕೊನೆಯ ಸಲ ಗಾಳ ಹಿಡಿದದ್ದು ಯಾವಾಗ, ಯಾವ ಥರದ್ದು, ರೀಲ್ ಬರುತ್ತದೋ ಇಲ್ಲವೋ, ಜೊತೆಗೆ ಯಾರಿದ್ದಾರೆ, ಅವರಿಗೆ ದೊಡ್ಡ ಮೀನು ಬೇಕೋ ಯಾವುದಾದರೂ ಸಾಕೋ. ಹಿಡಿದದ್ದನ್ನು ಮುಟ್ಟುವ ಮುಂಚೆ ಹೇಗೆ ಮುಟ್ಟಬೇಕೆಂದು ಕೇಳಿ. ಅರ್ಧ ನಿಮಿಷದ ಮಾತು. ದುಡ್ಡು ಕೊಟ್ಟದ್ದು ಅವನ ದೋಣಿಗೆ ಮಾತ್ರವಲ್ಲ, ಅವನ ತಿಳಿವಳಿಕೆಗೂ. ಅದನ್ನು ಬಾಯಿ ಮುಚ್ಚಿಕೊಂಡು ಪಡೆದುಕೊಳ್ಳಿ.